ನಿಮಗಿದು ಗೊತ್ತೆ? ಮನೆ ಕಂಪ್ಯೂಟರ್‌ಗೆ ತಾಳ ಕೊಟ್ಟ ಪೆಟ್ಟಿಗೆ

● 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಮನೆ ಕಂಪ್ಯೂಟರಿನ ಪುಟ್ಟ ಸ್ಪೀಕರ್‌ನಿಂದ ಬರುತ್ತಿದ್ದುದು ಬರೀ ‘ಬೀಪ್’ ಸದ್ದು. ಅದಕ್ಕೆ ನಿಜವಾದ ಡ್ರಮ್ ನಾದ ಕೊಟ್ಟದ್ದು ಚೀತಾ ಕಂಪನಿಯ ‘ಸ್ಪೆಕ್‌ಡ್ರಮ್’.

● ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಈ ಪೆಟ್ಟಿಗೆಯೊಳಗೆ ಡ್ರಮ್ಮಿನ ಸದ್ದುಗಳೇ ಇರಲಿಲ್ಲ! ಅಸಲಿ ವಾದ್ಯಗಳಿಂದ ಮುದ್ರಿಸಿಕೊಂಡ ಸದ್ದುಗಳು ಅಂಕಿಗಳಾಗಿ ಕ್ಯಾಸೆಟ್‌ನಿಂದ ಕಂಪ್ಯೂಟರಿನ 48 ಕೆಬಿ ಮೆಮೊರಿಗೆ ಇಳಿಯುತ್ತಿದ್ದವು. ಆ ಅಂಕಿಗಳನ್ನು ಮತ್ತೆ ನಾದವಾಗಿಸಿ ಆಂಪ್ಲಿಫೈಯರ್‌ಗೆ ಕಳಿಸುವುದಷ್ಟೇ ಪೆಟ್ಟಿಗೆಯ ಕೆಲಸ.

● ಒಂದು ಕಿಟ್‌ನಲ್ಲಿ, ಅಂದರೆ ಒಮ್ಮೆಗೆ ತುಂಬುವ ಸದ್ದುಗಳ ಗುಂಪಿನಲ್ಲಿ, 8 ಸದ್ದು. ಏಕಕಾಲಕ್ಕೆ 3 ನುಡಿಯುತ್ತಿದ್ದವು. ಬೇರೆ ಕ್ಯಾಸೆಟ್ ಹಾಕಿದರೆ ಲ್ಯಾಟಿನ್ ಅಮೆರಿಕದ ತಾಳವಾದ್ಯಗಳೂ ಸಿದ್ಧ.

● ಪ್ರತಿ ಸದ್ದಿನ ಏರಿಳಿತವನ್ನು 8 ಬಿಟ್‌ಗಳಲ್ಲಿ, ಅಂದರೆ 256 ಹಂತಗಳಲ್ಲಿ ಅಳೆಯಲಾಗುತ್ತಿತ್ತು. ಸಿ.ಡಿ.ಯಲ್ಲಿ ಈ ಹಂತಗಳು 65,536.

● ಅಸಲಿ ಡ್ರಮ್ ಸದ್ದನ್ನು ಡಿಜಿಟಲ್ ರೂಪದಲ್ಲಿ ನುಡಿಸಿದ ಮೊದಲ ಡ್ರಮ್ ಯಂತ್ರ ಅಮೆರಿಕದ ರೋಜರ್ ಲಿನ್ ಅವರ ‘ಎಲ್‌ಎಂ-1’. 1980ರಲ್ಲಿ ಬಂದ ಇದರ ಬೆಲೆ ಸುಮಾರು 5,000 ಡಾಲರ್. ಸ್ಪೆಕ್‌ಡ್ರಮ್ ಬೆಲೆ 30 ಪೌಂಡ್‌ಗೂ ಕಡಿಮೆ! ಶ್ರೀಮಂತ ಸ್ಟುಡಿಯೋಗಳ ಸೌಲಭ್ಯ ಹೀಗೆ ಶಾಲಾ ಮಕ್ಕಳ ಮೇಜಿಗೂ ಬಂತು.

● ನಮ್ಮ ನಾಡೂ ಹಿಂದುಳಿದಿರಲಿಲ್ಲ. ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್‌ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯ ಜೊತೆಗೆ ‘ತಾಲ್‌ಮಾಲಾ’ ಎಂಬ ಎಲೆಕ್ಟ್ರಾನಿಕ್ ತಬಲಾವನ್ನೂ ರೂಪಿಸಿತು. ತಬಲಾ ಸಾಥಿ ಸಿಗದ ಊರಿನಲ್ಲೂ ವಿದ್ಯಾರ್ಥಿಗಳು ತಾಳ ತಪ್ಪದೆ ರಿಯಾಜ್ ಮಾಡಲು ಇಂಥ ಯಂತ್ರಗಳು ನೆರವಾಗಿವೆ.