ಬಳ್ಳಾರಿಯ ಪ್ಯಾಸೆಂಜರ್ ರೈಲು ಯಾಕೆ ಕಾಯುತ್ತೆ?

ಬಳ್ಳಾರಿಯ ಪಾರ್ವತಿನಗರದಿಂದ ದಿನಾ ತೋರಣಗಲ್ಲು, ಹೊಸಪೇಟೆ ಕಡೆ ಕೆಲಸಕ್ಕೆ ಹೋಗುವವರ ಪ್ರಶ್ನೆ ಒಂದೇ: ಪ್ಯಾಸೆಂಜರ್ ರೈಲು ನಡುದಾರಿಯಲ್ಲಿ ಯಾಕೆ ನಿಲ್ಲುತ್ತೆ?

ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರ್ತಾರೆ. ಒಂದು ಬ್ಲಾಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಡಿಕ್ಕಿ ತಪ್ಪಿಸುವ ಮೂಲ ನಿಯಮ ಇದು. ಇದೇ ಹಳಿ ಮೇಲೆ ಅದಿರು, ಕಲ್ಲಿದ್ದಲು, ಉಕ್ಕು ಹೊತ್ತ ಗೂಡ್ಸ್ ರೈಲುಗಳೂ ಓಡುತ್ತವೆ. ಮುಂದಿನ ಬ್ಲಾಕ್ ಖಾಲಿಯಾಗೋ ತನಕ ನಿಮ್ಮ ರೈಲು ಕಾಯಲೇಬೇಕು.

ಆದರೆ ನಿಮ್ಮ ಅಗ್ಗದ ಟಿಕೆಟ್‌ಗೆ ಆಸರೆಯೂ ಆ ಗೂಡ್ಸೇ. 2024ರಲ್ಲಿ ರೈಲ್ವೆ ಸಚಿವರು ಕೊಟ್ಟ ಲೆಕ್ಕದಂತೆ, 100 ರೂಪಾಯಿ ಖರ್ಚಿನ ಪ್ರಯಾಣಕ್ಕೆ ಪ್ರಯಾಣಿಕರು ಕೊಡೋದು ಸರಾಸರಿ 54. ಉಳಿದದ್ದನ್ನು ತುಂಬೋದರಲ್ಲಿ ಸರಕು ಸಾಗಣೆಯ ಪಾಲು ದೊಡ್ಡದು. ಅದರಲ್ಲಿ ಸಂಡೂರಿನ ಅದಿರೂ ಸೇರಿದೆ.

ಆದರೆ ಹೊಸ ಲೋಕಲ್ ರೈಲು ಎಲ್ಲರಿಗೂ ಒಂದೇ ಥರ ಸಿಗಲ್ಲ. ಬೆಂಗಳೂರಿಗೆ 148 ಕಿಲೋಮೀಟರ್ ಉಪನಗರ ರೈಲು ಕಟ್ಟಲು 15,767 ಕೋಟಿ ರೂಪಾಯಿಯ ಯೋಜನೆಗೆ 2020ರಲ್ಲೇ ಒಪ್ಪಿಗೆ ಸಿಕ್ಕಿತು. ಕೇಂದ್ರ, ರಾಜ್ಯ ತಲಾ ಶೇ 20, ಮಿಕ್ಕಿದ್ದು ಹೆಚ್ಚಾಗಿ ಸಾಲ. ಇತ್ತ ನಮ್ಮ ಸಿರುಗುಪ್ಪ, ಕುರುಗೋಡಿಗೆ ಹಳಿಯೇ ಇಲ್ಲ. ಭತ್ತ, ಮೆಣಸಿನಕಾಯಿ, ಕಾಲೇಜು ಮಕ್ಕಳು ಎಲ್ಲಾ ರಸ್ತೆ ಮೇಲೇ.

ಅದಿರು ಕೊಟ್ಟ ನಾಡಿಗೆ ಬೆಳಗ್ಗೆ, ಸಂಜೆ ಲೋಕಲ್ ರೈಲು ಕೇಳುವ ಹಕ್ಕಿದೆ. ನಿಮಗೆ ಯಾವ ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಬೇಕು ಅಂತ ಸಂಸದರಿಗೆ ಬರೆದು ಕೇಳಿ.