ಮೂರು ಬಗೆಯ ಬೆಳಕು, ಒಂದೇ ಪ್ಲೇಯರ್

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ‘ಮನೆಯಲ್ಲಿ ಹಳೆಯ ಕನ್ನಡ ಸಿನಿಮಾಗಳ ವಿಸಿಡಿಗಳು ರಾಶಿ ಇವೆ. ಮಗಳ ಮದುವೆಯ ವಿಡಿಯೊ ಡಿವಿಡಿಯಲ್ಲಿದೆ. ಅಮೆರಿಕದಲ್ಲಿರುವ ಮಗ ಊರಿಗೆ ಬಂದಾಗ ತಂದ ಬ್ಲೂ-ರೇ ಡಿಸ್ಕುಗಳಿವೆ. ಅವುಗಳ ನಡುವೆ ಕೆಂಪು ಡಬ್ಬಿಯ ಎಚ್‌ಡಿ ಡಿವಿಡಿಗಳೂ ಸಿಕ್ಕಿವೆ. ಇವೆಲ್ಲವನ್ನೂ ಓಡಿಸುವ ಒಂದೇ ಪ್ಲೇಯರ್ ಯಾವುದು?’

ಕೆಂಪು ಡಬ್ಬಿಯದನ್ನು ಬಿಟ್ಟರೆ ಉಳಿದ ಮೂರಕ್ಕೂ ಒಂದೇ ಪೆಟ್ಟಿಗೆ ಸಾಕು. ಆದರೆ ಅದನ್ನು ಆರಿಸುವಾಗ ಅಂಗಡಿಯವರು ತೋರಿಸುವ ‘4ಕೆ ಅಪ್‌ಸ್ಕೇಲಿಂಗ್’ ಚೀಟಿಯನ್ನು ನೋಡಿ ಪ್ರಯೋಜನವಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದರೊಳಗೆ ಯಾವ ಯಾವ ಬೆಳಕು ಇದೆ? ಬೆಳಕು ಓದಿಕೊಟ್ಟದ್ದನ್ನು ಅರ್ಥ ಮಾಡಿಕೊಳ್ಳುವ ಸಾಫ್ಟ್‌ವೇರ್ ಇದೆಯೇ?

ಹೊರನೋಟಕ್ಕೆ ಎಲ್ಲ ಡಿಸ್ಕುಗಳೂ ಒಂದೇ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, ನಡುವೆ ತೂತು. ವ್ಯತ್ಯಾಸವೆಲ್ಲ ಒಳಗಿನ ಸುರುಳಿಯಲ್ಲಿದೆ. ಸಿಡಿಯಲ್ಲಿ (ವಿಸಿಡಿಯೂ ಭೌತಿಕವಾಗಿ ಸಿಡಿಯೇ) ಸುರುಳಿಯ ಒಂದು ಸಾಲಿಗೂ ಪಕ್ಕದ ಸಾಲಿಗೂ 1.6 ಮೈಕ್ರಾನ್ ಅಂತರ. ಡಿವಿಡಿಯಲ್ಲಿ ಅದು 0.74, ಬ್ಲೂ-ರೇಯಲ್ಲಿ 0.32. ಆ ಸಾಲುಗಳಲ್ಲಿ ಕೊರೆದ ತಗ್ಗುಗಳ ಮೇಲೆ ಲೇಸರ್ ಚುಕ್ಕೆ ಹಾದುಹೋಗುವಾಗ ಮರಳಿ ಬರುವ ಬೆಳಕು ಹೆಚ್ಚುಕಡಿಮೆ ಆಗುತ್ತದೆ. ಆ ಏರಿಳಿತವೇ ಮಾಹಿತಿ. ಸಾಲುಗಳು ಹತ್ತಿರವಾದಷ್ಟೂ ಚುಕ್ಕೆ ಚಿಕ್ಕದಾಗಬೇಕು, ಇಲ್ಲದಿದ್ದರೆ ಪಕ್ಕದ ಸಾಲಿನದೂ ಇದರಲ್ಲಿ ಬೆರೆತುಹೋಗುತ್ತದೆ.

ಚುಕ್ಕೆಯನ್ನು ಎಷ್ಟು ಚಿಕ್ಕದು ಮಾಡಬಹುದು? ಇದಕ್ಕೆ ಉತ್ತರ ಕೊಟ್ಟವರು ಜರ್ಮನಿಯ ಯೇನಾ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳ ಮೇಲೆ ಕೆಲಸ ಮಾಡುತ್ತಿದ್ದ ಅರ್ನ್ಸ್ಟ್ ಅಬೆ. 1873ರಲ್ಲಿ ಅವರು ತೋರಿಸಿದ ಮಿತಿ ಸರಳವಾದದ್ದು. ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ, ಮಸೂರವು ಬೆಳಕನ್ನು ಹೆಚ್ಚು ಓರೆಯಾಗಿ ಒಟ್ಟುಗೂಡಿಸಿದಷ್ಟೂ ಚುಕ್ಕೆ ಚಿಕ್ಕದಾಗುತ್ತದೆ. ಈ ಓರೆಯ ಅಳತೆಗೆ ನ್ಯೂಮೆರಿಕಲ್ ಅಪರ್ಚರ್, ಚಿಕ್ಕದಾಗಿ ಎನ್‌ಎ, ಎನ್ನುತ್ತಾರೆ. ಯೇನಾದಲ್ಲಿರುವ ಅಬೆ ಸ್ಮಾರಕದ ಮೇಲೆ ಆ ಸೂತ್ರವನ್ನೇ ಕೆತ್ತಿದ್ದಾರೆ. ಸಿನಿಮಾ ಡಿಸ್ಕಿನ ಕನಸೂ ಇಲ್ಲದ ಕಾಲದ ಆ ಸೂತ್ರವೇ ಇಂದಿಗೂ ನಮ್ಮ ಪ್ಲೇಯರುಗಳನ್ನು ಆಳುತ್ತಿದೆ.

ಸಿಡಿಗೆ 780 ನ್ಯಾನೊಮೀಟರಿನ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅವಕೆಂಪು ಲೇಸರ್, ಎನ್‌ಎ 0.45. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಲೇಸರ್, ಎನ್‌ಎ 0.60. ಮುಂದಿನ ಹೆಜ್ಜೆಗೆ ನೀಲಿ ಬೇಕಿತ್ತು. ಅದು ದಶಕಗಳ ಕಾಲ ಯಾರ ಕೈಗೂ ಸಿಗಲಿಲ್ಲ, ಏಕೆಂದರೆ ನೀಲಿ ಸೂಸಬಲ್ಲ ಗ್ಯಾಲಿಯಂ ನೈಟ್ರೈಡ್‌ನ ಒಳ್ಳೆಯ ಹರಳು ಬೆಳೆಸುವುದೇ ದುಸ್ತರವಾಗಿತ್ತು. ಬಲ್ಲವರು ಬಹಳ ಮಂದಿ ಅದನ್ನು ಕೈಬಿಟ್ಟು ಬೇರೆ ವಸ್ತುಗಳ ಹಿಂದೆ ಹೋದರು. ಜಪಾನಿನ ಇಸಾಮು ಅಕಾಸಾಕಿ, ಅವರ ಶಿಷ್ಯ ಹಿರೋಶಿ ಅಮಾನೊ ಬಿಡಲಿಲ್ಲ. ಶಿಕೊಕು ದ್ವೀಪದ ನಿಚಿಯಾ ಎಂಬ, ಆಗ ಹೆಚ್ಚು ಹೆಸರಿಲ್ಲದ ರಾಸಾಯನಿಕ ಕಂಪನಿಯಲ್ಲಿ ಶುಜಿ ನಕಮುರಾ ಕೂಡ ಬಿಡಲಿಲ್ಲ. ಹರಳು ಬೆಳೆಸುವ ಉಪಕರಣವನ್ನು ತಾವೇ ಕಳಚಿ, ತಾವೇ ಬೆಸೆದು, ಮತ್ತೆ ಮತ್ತೆ ಬದಲಿಸುತ್ತಾ ಹೋದ ಅವರು 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನೂ ಕೆಲವೇ ವರ್ಷಗಳಲ್ಲಿ ನೇರಳೆ ಛಾಯೆಯ ನೀಲಿ ಲೇಸರನ್ನೂ ಮಾಡಿ ತೋರಿಸಿದರು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಅದನ್ನು ಎಲ್ಲರೂ ಮನೆಯ ಬಲ್ಬಿನ ಜೊತೆ ಸೇರಿಸಿ ಹೇಳುತ್ತಾರೆ. ಬ್ಲೂ-ರೇ ಡಿಸ್ಕಿನ ಹುಟ್ಟೂ ಅದೇ ಹರಳಿನಲ್ಲಿದೆ.

405 ನ್ಯಾನೊಮೀಟರಿನ ಈ ಲೇಸರ್ ಎರಡು ಬಣಗಳಿಗೂ ಒಂದೇ ಆಗಿತ್ತು. ಸೋನಿ, ಪ್ಯಾನಸೋನಿಕ್, ಫಿಲಿಪ್ಸ್ ಮೊದಲಾದವರ ಬ್ಲೂ-ರೇಗೂ ಅದೇ, ತೋಷಿಬಾದ ಎಚ್‌ಡಿ ಡಿವಿಡಿಗೂ ಅದೇ. ಹಾಗಿದ್ದರೆ ಜಗಳ ಯಾವುದಕ್ಕೆ? ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ಕಿಗೆ! ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ಎರಡೂ ನೀಲಿ ಲೇಸರ್ ತಾನೇ, ಒಂದು ಇನ್ನೊಂದನ್ನು ಏಕೆ ಓದುವುದಿಲ್ಲ’ ಎಂಬ ಪ್ರಶ್ನೆಯ ಗಂಟು ಬಿಡಿಸಿಕೊಳ್ಳುವುದೇ ಇಲ್ಲಿ.

ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ನೀರಿನ ತಳದಲ್ಲಿ ಬಿದ್ದ ನಾಣ್ಯವನ್ನು ನೋಡಿ. ಅದು ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ನೇರ ಮೇಲಿನಿಂದ ಬಗ್ಗಿ ನೋಡಿದರೆ ಮೋಸ ಕಡಿಮೆ. ದೂರದ ಮೆಟ್ಟಿಲಿನಿಂದ ಓರೆಯಾಗಿ ನೋಡಿದಷ್ಟೂ ನಾಣ್ಯ ಮೇಲೆದ್ದು ಬಂದಂತೆ ಕಾಣುತ್ತದೆ. ಈಗ ಒಂದೇ ಸಲಕ್ಕೆ ಎಲ್ಲ ಮೆಟ್ಟಿಲುಗಳಿಂದಲೂ ಒಬ್ಬೊಬ್ಬರು ನಾಣ್ಯದತ್ತ ಬೆರಳು ತೋರಿಸುತ್ತಿದ್ದಾರೆ ಎಂದುಕೊಳ್ಳಿ. ಹತ್ತಿರದವರ ಬೆರಳು ಒಂದು ಕಡೆ, ದೂರದವರದು ಇನ್ನೊಂದು ಕಡೆ. ಎಲ್ಲವೂ ಒಂದು ಬಿಂದುವಿನಲ್ಲಿ ಕೂಡುವುದಿಲ್ಲ. ನೀರಿನ ಆಳ ಮೊದಲೇ ಗೊತ್ತಿದ್ದರೆ ಪ್ರತಿ ಮೆಟ್ಟಿಲಿನವರಿಗೂ ‘ನೀವು ಇಷ್ಟು ಕೆಳಗೆ ತೋರಿಸಿ’ ಎಂದು ತಿದ್ದಿ ಹೇಳಬಹುದು. ಮಳೆ ಬಂದು ನೀರು ಏರಿದರೆ ಆ ತಿದ್ದುಪಡಿಯೇ ತಪ್ಪು ದಾರಿ ಹಿಡಿಸುತ್ತದೆ. ತುಂಬಾ ದೂರದ ಮೆಟ್ಟಿಲಿನವರಿಗಂತೂ ನೀರು ಚೂರು ಏರಿಳಿದರೂ ಗುರಿ ದೊಡ್ಡದಾಗಿ ತಪ್ಪುತ್ತದೆ.

ಪ್ಲೇಯರಿನ ಮಸೂರದ ಸ್ಥಿತಿ ಇದೇ. ತಗ್ಗುಗಳ ಮೇಲೆ ಹೊದಿಸಿದ ಪಾರದರ್ಶಕ ಪ್ಲಾಸ್ಟಿಕ್ ಪದರವೇ ಆ ನೀರು. ಸಿಡಿಯಲ್ಲಿ ಅದರ ಆಳ 1.2 ಮಿಲಿಮೀಟರ್, ಡಿವಿಡಿಯಲ್ಲಿ 0.6. ಮಸೂರವನ್ನು ರೂಪಿಸುವಾಗಲೇ ಆ ಆಳಕ್ಕೆ ತಕ್ಕ ತಿದ್ದುಪಡಿ ಸೇರಿಸಿರುತ್ತಾರೆ. ಬ್ಲೂ-ರೇಯವರು ಬಹಳ ಓರೆಯ ಬೆಳಕನ್ನು ಬಳಸಲು ಹೊರಟರು. ಅವರ ಎನ್‌ಎ 0.85. ಅಷ್ಟು ಓರೆಯಲ್ಲಿ ಪದರದ ದಪ್ಪ ಸ್ವಲ್ಪ ಹೆಚ್ಚುಕಡಿಮೆ ಆದರೂ ಚುಕ್ಕೆ ಕದಡಿಹೋಗುತ್ತದೆ, ಡಿಸ್ಕ್ ತುಸು ವಾಲಿದರೂ ಕಷ್ಟ. ದಪ್ಪದ ವ್ಯತ್ಯಾಸದಿಂದಾಗುವ ದೋಷ ಎನ್‌ಎಯ ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ. ಆದ್ದರಿಂದ ನೀರನ್ನೇ ಕಡಿಮೆ ಮಾಡಿದರು: ಪದರ ಬರೀ 0.1 ಮಿಲಿಮೀಟರ್. ಗೀರು ಬಿದ್ದರೆ ಮಾಹಿತಿಗೇ ತಾಗುವ ಭಯದಿಂದ ಜಪಾನಿನಲ್ಲಿ ಬಂದ ಮೊದಲ ಡಿಸ್ಕುಗಳನ್ನು ಪ್ಲಾಸ್ಟಿಕ್ ಕವಚದೊಳಗೆ ಇಟ್ಟು ಮಾರಿದರು. ಟಿಡಿಕೆ ಕಂಪನಿಯ ಗಟ್ಟಿ ಲೇಪನ ಬಂದ ಮೇಲೆ ಕವಚ ಹೋಯಿತು. ತೋಷಿಬಾ 0.6 ಮಿಲಿಮೀಟರನ್ನೇ ಉಳಿಸಿಕೊಂಡಿತು, ಎನ್‌ಎಯನ್ನು 0.65ಕ್ಕೆ ನಿಲ್ಲಿಸಿತು. ಡಿವಿಡಿ ಅಚ್ಚು ಹಾಕುವ ಕಾರ್ಖಾನೆಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸಬಹುದು ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು.

ಈ ಆಯ್ಕೆಗೆ ತೆತ್ತ ಬೆಲೆ ಎಷ್ಟು ಎಂಬುದನ್ನು ಅಬೆ ಸೂತ್ರದಿಂದ ನೀವೇ ಲೆಕ್ಕ ಹಾಕಬಹುದು. 0.65ನ್ನು 0.85ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 0.58. ಒಂದು ಪದರದ ಎಚ್‌ಡಿ ಡಿವಿಡಿಯಲ್ಲಿ ಹಿಡಿಸುವುದು 15 ಗಿಗಾಬೈಟ್, ಬ್ಲೂ-ರೇಯಲ್ಲಿ 25. ಅನುಪಾತ 0.6! ಡಿವಿಡಿಯಿಂದ ಬ್ಲೂ-ರೇಗೆ ಹೋದರೂ ಹಾಗೆಯೇ. ತರಂಗಾಂತರ, ಎನ್‌ಎ ಎರಡನ್ನೂ ಸೇರಿಸಿದರೆ ಸುಮಾರು 5.2 ಪಟ್ಟು ಬರುತ್ತದೆ, ಡಿವಿಡಿಯ 4.7 ಗಿಗಾಬೈಟಿಗೆ ಗುಣಿಸಿದರೆ 24ಕ್ಕೂ ಮಿಗಿಲು. ಕಂಪನಿಗಳ ಜಾಹೀರಾತಿನ ಅಬ್ಬರದ ಒಳಗೆ ಇಷ್ಟು ಚೊಕ್ಕ ಭೌತಶಾಸ್ತ್ರ ಕುಳಿತಿದೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಇದಕ್ಕೂ ಹತ್ತು ವರ್ಷ ಮೊದಲು ಇಂಥದ್ದೇ ಜಗಳ ತಪ್ಪಿತ್ತು. 1995ರಲ್ಲಿ ಸೋನಿ-ಫಿಲಿಪ್ಸ್ ಒಂದು ಡಿಸ್ಕನ್ನೂ ತೋಷಿಬಾ-ವಾರ್ನರ್ ಇನ್ನೊಂದನ್ನೂ ಮುಂದಿಟ್ಟಾಗ, ಐಬಿಎಂನ ಲೂ ಗರ್ಸ್ಟ್‌ನರ್ ಸೇರಿದಂತೆ ಕಂಪ್ಯೂಟರ್ ಉದ್ಯಮದವರು ‘ಒಂದೇ ಮಾಡಿ’ ಎಂದು ಪಟ್ಟು ಹಿಡಿದರು. ಒಬ್ಬರ ಅಂಟಿಸಿದ ಜೋಡಿ ತಟ್ಟೆ, ಇನ್ನೊಬ್ಬರ ಸಂಕೇತ ವಿಧಾನ ಸೇರಿ ಡಿವಿಡಿ ಹುಟ್ಟಿತು. 2005ರಲ್ಲಿ ಮತ್ತೆ ಸಂಧಾನಕ್ಕೆ ಕುಳಿತಾಗ 0.1 ಮತ್ತು 0.6ರ ನಡುವೆ ರಾಜಿಯ ಜಾಗವೇ ಇರಲಿಲ್ಲ.

2006ರಲ್ಲಿ ಎರಡೂ ಅಮೆರಿಕದ ಅಂಗಡಿಗೆ ಬಂದವು. ಕೊಳ್ಳುವವರಿಗೆ ಸಂಕಟ: ಅರ್ಧ ಸಿನಿಮಾಗಳು ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ. 2007ರ ಜನವರಿಯಲ್ಲಿ ಎಲ್‌ಜಿ ಎರಡನ್ನೂ ಓಡಿಸುವ ಬಿಎಚ್100 ಪ್ಲೇಯರನ್ನು ಲಾಸ್ ವೇಗಸ್‌ನಲ್ಲಿ ತೋರಿಸಿತು, ಬೆಲೆ 1,199 ಡಾಲರ್. ಬೆಳಕಿನ ಕಷ್ಟವನ್ನು ಅದು ಗೆದ್ದಿತ್ತು. ಸೋತದ್ದು ಸಾಫ್ಟ್‌ವೇರಿನಲ್ಲಿ. ಎಚ್‌ಡಿ ಡಿವಿಡಿಯ ಮೆನು ನಡೆಸುವ ವ್ಯವಸ್ಥೆ ಅದರಲ್ಲಿ ಪೂರ್ತಿ ಇರಲಿಲ್ಲ, ಹಾಗಾಗಿ ಸಿನಿಮಾ ಓಡಿದರೂ ಡಿಸ್ಕಿನ ಉಳಿದ ಸೌಲಭ್ಯಗಳು ತೆರೆಯುತ್ತಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಎರಡು ಹೊಸ ಡಿಸ್ಕುಗಳನ್ನು ಓದುವ ಆ ದುಬಾರಿ ಯಂತ್ರ ಹಾಡಿನ ಸಿಡಿಯನ್ನೇ ಓಡಿಸುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಸ್ಯಾಮ್‌ಸಂಗ್ ತಂದ ಬಿಡಿ-ಯುಪಿ5000 ಎರಡರ ಮೆನುಗಳನ್ನೂ ನಡೆಸಿತು. ಅಷ್ಟರಲ್ಲಿ ಕಾಲ ಮೀರಿತ್ತು. ಒಂದು ಮಗ್ಗುಲಿಗೆ ಬ್ಲೂ-ರೇ, ಇನ್ನೊಂದು ಮಗ್ಗುಲಿಗೆ ಎಚ್‌ಡಿ ಡಿವಿಡಿ ಇರುವ ಡಿಸ್ಕನ್ನು ವಾರ್ನರ್ ಘೋಷಿಸಿತ್ತು, ಅದು ಮಾರುಕಟ್ಟೆಗೆ ಬರಲೇ ಇಲ್ಲ. 2008ರ ಜನವರಿ 4ರಂದು ಅದೇ ವಾರ್ನರ್ ಬ್ಲೂ-ರೇಯನ್ನಷ್ಟೇ ಹಿಡಿಯುವುದಾಗಿ ಹೇಳಿತು. ಫೆಬ್ರುವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. ಶಿವಮೊಗ್ಗದ ಆ ಕೆಂಪು ಡಬ್ಬಿಗಳು ಆ ಎರಡು ವರ್ಷಗಳ ಉಳಿಕೆ. ಈಗ ಅವನ್ನು ಓದಬೇಕಾದರೆ ಆ ಕಾಲದ ಯಂತ್ರವನ್ನೇ ಹುಡುಕಬೇಕು. ಅಷ್ಟು ದುಡ್ಡಿಗೆ ಅದೇ ಸಿನಿಮಾದ ಬ್ಲೂ-ರೇ ಕೊಂಡರೆ ಲೇಸು.

ಈಗ ಮೊದಲ ಪ್ರಶ್ನೆ, ಬೆಳಕು. ಬ್ಲೂ-ರೇ ಪ್ಲೇಯರಿನೊಳಗೆ ಸಾಮಾನ್ಯವಾಗಿ ಮೂರು ಲೇಸರ್ ಇರುತ್ತವೆ. ಸಣ್ಣ ಚುಕ್ಕೆಯ ನೀಲಿಯೊಂದೇ ಸಾಕಲ್ಲ ಎಂದು ಕೇಳಬಹುದು. ಸಾಲದು. ಅಂಗಡಿಯಲ್ಲಿ ಬರೆದುಕೊಟ್ಟ ಸಿಡಿ-ಆರ್‌ನಲ್ಲಿ ತಗ್ಗಿನ ಬದಲು ಒಂದು ಬಣ್ಣದ ಲೇಪವಿದೆ. 780 ನ್ಯಾನೊಮೀಟರಿನ ಬೆಳಕಿಗೆ ಅದು ಹೊಳೆಯುತ್ತದೆ, ಡಿವಿಡಿಯ ಕೆಂಪು ಬೆಳಕನ್ನು ನುಂಗಿಬಿಡುತ್ತದೆ. ಆರಂಭದ ಕೆಲವು ಡಿವಿಡಿ ಪ್ಲೇಯರುಗಳು ಮನೆಯಲ್ಲಿ ಬರೆದ ಸಿಡಿಗಳನ್ನು ಓದದೆ ಹೊರಗೆ ತಳ್ಳುತ್ತಿದ್ದುದು ಇದೇ ಕಾರಣಕ್ಕೆ. ನಾಮಕರಣ, ಗೃಹಪ್ರವೇಶಗಳ ವಿಡಿಯೊ ನಮ್ಮಲ್ಲಿ ವರ್ಷಗಟ್ಟಲೆ ಇಂಥ ಡಿಸ್ಕುಗಳಲ್ಲೇ ಮನೆ ಸೇರಿತು. ಸಿನಿಮಾ ನಾಳೆ ಎಲ್ಲಾದರೂ ಸಿಕ್ಕೀತು, ಇವು ಸಿಗುವುದಿಲ್ಲ. ಆ 780ರ ಲೇಸರಿಗಾಗಿ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಎರಡನೆಯದು ಸಾಫ್ಟ್‌ವೇರ್. ಬ್ಲೂ-ರೇ ಓಡಿಸುವ ಪ್ಲೇಸ್ಟೇಷನ್ 4, ಸಾದಾ ಆಡಿಯೊ ಸಿಡಿಯನ್ನು ಓಡಿಸುವುದಿಲ್ಲ. ವಿಸಿಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕ, ಯುರೋಪಿನಲ್ಲಿ ಹೆಚ್ಚು ನೆಲೆಯೂರದ ವಿಸಿಡಿ ನಮ್ಮಲ್ಲಿ ಮನೆಮಾತಾಗಿತ್ತು. ಒಂದು ಡಿಸ್ಕಿನಲ್ಲಿ 74 ನಿಮಿಷ ಹಿಡಿಸುವುದರಿಂದ ಒಂದು ಸಿನಿಮಾಕ್ಕೆ ಎರಡು-ಮೂರು ಡಿಸ್ಕ್. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದ ಮೇಲಂತೂ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಅವು ನೇತಾಡುತ್ತಿದ್ದವು. ಸಿಡಿ ಓದುವ ಯಂತ್ರವೆಲ್ಲ ವಿಸಿಡಿಯ ಎಂಪೆಗ್-1 ವಿಡಿಯೊವನ್ನು ತೋರಿಸುತ್ತದೆ ಎಂಬ ಖಾತ್ರಿ ಇಲ್ಲ. ಕೈಪಿಡಿಯಲ್ಲಿ ‘ವಿಡಿಯೊ ಸಿಡಿ’ ಎಂದು ಬರೆದಿದೆಯೇ ನೋಡಿ. ಇಲ್ಲವಾದರೆ ಕಂಪ್ಯೂಟರಿಗೆ ಸಿಕ್ಕಿಸುವ ಡಿವಿಡಿ ಡ್ರೈವ್, ಉಚಿತವಾಗಿ ಸಿಗುವ ವಿಎಲ್‌ಸಿ ತಂತ್ರಾಂಶ ಸಾಕು.

ಅಮೆರಿಕದ ಡಿಸ್ಕುಗಳಿಗೆ ಇನ್ನೊಂದು ತೊಡಕು, ರೀಜನ್ ಕೋಡ್. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಭಾರತ ಸಿ. ಇದಕ್ಕೂ ಭೌತಶಾಸ್ತ್ರಕ್ಕೂ ಸಂಬಂಧವಿಲ್ಲ. ಸಿನಿಮಾ ಕಂಪನಿಗಳು ವ್ಯಾಪಾರಕ್ಕಾಗಿ ಹಾಕಿಕೊಂಡ ಬೇಲಿ. ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ಊರು ಬದಲಾಯಿತೆಂದು ನೋಡಗೊಡದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇಯಲ್ಲಿ ಈ ಬೇಲಿ ಇಲ್ಲ.

ಅಪ್‌ಸ್ಕೇಲಿಂಗ್ ಬಗ್ಗೆ ಒಂದು ಲೆಕ್ಕ. ನಮ್ಮ ಡಿವಿಡಿಯ ಚಿತ್ರದಲ್ಲಿ 720×576, ಅಂದರೆ 4,14,720 ಚುಕ್ಕೆಗಳು. 4ಕೆ ಟೀವಿಯಲ್ಲಿ 82,94,400. ಸರಿಯಾಗಿ 20 ಪಟ್ಟು. ಡಿಸ್ಕಿನಲ್ಲಿರುವ ಪ್ರತಿ ಚುಕ್ಕೆಗೆ ಪ್ಲೇಯರ್ 19ನ್ನು ಊಹಿಸಿ ತುಂಬುತ್ತದೆ. ನಿಮ್ಮ 4ಕೆ ಟೀವಿಯೂ ಆ ಕೆಲಸವನ್ನು ಹೇಗೂ ಮಾಡುತ್ತದೆ. ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಡಿ.

ಹಾಗಾದರೆ ಕೊಳ್ಳುವುದೇನು? 4ಕೆ ಡಿಸ್ಕುಗಳ ಆಸೆಯಿದ್ದರೆ ಅಲ್ಟ್ರಾ ಎಚ್‌ಡಿ ಪ್ಲೇಯರ್, ಇಲ್ಲದಿದ್ದರೆ ಸಾದಾ ಬ್ಲೂ-ರೇ ಪ್ಲೇಯರ್. ತಡ ಮಾಡಬೇಡಿ. ಎಲ್ಲ ಬಗೆಯ ಡಿಸ್ಕುಗಳನ್ನೂ ಓದುವುದಕ್ಕೆ ಹೆಸರಾಗಿದ್ದ ಒಪ್ಪೊ 2018ರಲ್ಲಿ ಈ ವ್ಯವಹಾರದಿಂದ ಹೊರಬಂತು, 2019ರಲ್ಲಿ ಸ್ಯಾಮ್‌ಸಂಗ್ ಹೊಸ ಮಾದರಿಗಳನ್ನು ನಿಲ್ಲಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮನೆಯಿಂದಲೇ ಒಂದು ವಿಸಿಡಿ, ಅಂಗಡಿಯಲ್ಲಿ ಬರೆದ ಒಂದು ಡಿವಿಡಿ, ಒಂದು ಬ್ಲೂ-ರೇ ಒಯ್ಯಿರಿ. ಮೂರು ಲೇಸರ್‌ಗಳೂ ಒಟ್ಟಿಗೆ ಸಾಯುವುದಿಲ್ಲ. ಡಿವಿಡಿ ಸೊಗಸಾಗಿ ಓಡುತ್ತಿರುವ ಯಂತ್ರದಲ್ಲಿ ಸಿಡಿಯ ಲೇಸರ್ ಕೆಟ್ಟಿರಬಹುದು; ಮೆಕ್ಯಾನಿಕ್ ‘ಲೆನ್ಸ್ ಹೋಗಿದೆ’ ಎನ್ನುವುದು ಬಹಳ ಸಲ ಇದನ್ನೇ. ಪ್ರತಿಯೊಂದನ್ನೂ ಹಾಕಿಸಿ, ಮೊದಲ ದೃಶ್ಯ ಬಂದ ಕೂಡಲೇ ಸಾಕೆನ್ನದೆ ಕೊನೆಯ ಭಾಗಕ್ಕೂ ಓಡಿಸಿ ನೋಡಿ. ಸುರುಳಿ ಒಳಗಿನಿಂದ ಅಂಚಿನ ಕಡೆಗೆ ಸಾಗುತ್ತದೆ, ತಟ್ಟೆ ವಾಲುವುದು ಹೆಚ್ಚಾಗಿ ಅಂಚಿನಲ್ಲಿ. ಸೋತ ಲೇಸರ್ ತಡವರಿಸುವುದೂ ಅಲ್ಲೇ.