ಕೀಚಕನನ್ನು ಕೊಂದವರು ಯಾರು?

ಹಾನಗಲ್ಲೇ ವಿರಾಟನಗರವೆಂಬುದು ಸ್ಥಳೀಯರ ನಂಬಿಕೆ. ಅಲ್ಲಿನ ಕೀಚಕವಧೆ ಮಾಯಾಲೋಕದ ಕೊಲೆ ರಹಸ್ಯಕ್ಕೆ ಒಳ್ಳೆಯ ಮಾದರಿ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ಆಟಗಳಲ್ಲಿ ಒಬ್ಬ ಸೂತ್ರಧಾರ ಕಥೆ ಹೆಣೆಯುತ್ತಾನೆ, ಉಳಿದವರು ಪಾತ್ರಗಳಾಗಿ, ದಾಳ ಉರುಳಿಸುತ್ತ ಸಾಗುತ್ತಾರೆ.

ನರ್ತನಶಾಲೆಯಲ್ಲಿ ಶವ. ‘ಗಂಧರ್ವರ ಕೆಲಸ’ ಎಂಬ ಸುದ್ದಿ. ಆದರೆ ಆಯುಧದ ಗಾಯವಿಲ್ಲ; ದೇಹ ಮಾಂಸದ ಮುದ್ದೆ. ಅಂಥ ತೋಳ್ಬಲ ಯಾರಿಗಿದೆ? ಅಡುಗೆಮನೆಯ ವಲಲ ಜಟ್ಟಿಯನ್ನೇ ಕೆಡವಿದವನಲ್ಲವೇ?

ಸೂತ್ರಧಾರ ಇಂಥ ಸುಳಿವುಗಳನ್ನು ಮೊದಲೇ ಇಟ್ಟಿರಬೇಕು; ಮಂತ್ರದ ಮಿತಿಯನ್ನೂ ತಿಳಿಸಿರಬೇಕು. ಇಲ್ಲದಿದ್ದರೆ ಮಂತ್ರವೇ ಕೊಲೆಗಾರನ ಹೆಸರು ಹೇಳಿ ಆಟ ಮುಗಿದೀತು.

ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಕ್ಕಳೂ ರಜೆಯಲ್ಲಿ ಆಡಬಹುದು. ಕಾಗದ, ಪೆನ್ಸಿಲು, ದಾಳ ಸಾಕು. ಉಪಕೀಚಕರು ವಿಚಾರಿಸದೆ ಸೈರಂಧ್ರಿಯನ್ನು ಚಿತೆಗೇರಿಸಲು ಹೊರಟರು. ಸುಳಿವು ನೋಡಿದ ಮೇಲೆಯೇ ಬೆರಳು ತೋರಿಸಬೇಕೆಂಬ ಪಾಠ ಮಕ್ಕಳಿಗೆ ಆಟದಲ್ಲೇ ಸಿಗುತ್ತದೆ.